ವಿಮೆಯವರು ಬರುತ್ತಾರೆಂದು ಒರೆಸಿದ ಮನೆ

ಜನವರಿ ೧೮, ಭಾನುವಾರ

ಈ ದೇಶದಲ್ಲಿ ಹಲ್ಲಿಗೆ ವಿಮೆ, ನಾಯಿಗೆ ವಿಮೆ, ಕೈಯಲ್ಲಿರುವ ಫೋನಿಗೂ ವಿಮೆ. ಈ ಮನೆ ಬಾಡಿಗೆಗೆ ಹಿಡಿಯುವಾಗ ಮನೆಯೊಡತಿ ಮೊದಲು ಕೇಳಿದ್ದು ಎಷ್ಟು ಜನ ಇರುತ್ತೀರಿ ಎಂದಲ್ಲ, ವಿಮೆ ಮಾಡಿಸುತ್ತೀರಿ ತಾನೆ ಎಂದು. ನಮ್ಮನೆಯವರು ತಲೆಯಾಡಿಸಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದರು. ಬೆಂಕಿ ಹತ್ತಿದರೆ, ನೀರು ನುಗ್ಗಿದರೆ, ಕಳ್ಳ ಬಂದರೆ ಎಂದು ಆ ಹಾಳೆಗಳಲ್ಲಿ ಬರೆದಿದೆ. ಹೊಸ ಮನೆಗೆ ಕಾಲಿಡುವ ದಿನ ಬಾಯಲ್ಲಿ ಬರಬಾರದ ಮಾತೆಲ್ಲ ಅಲ್ಲೇ ಇವೆ.

ಇವತ್ತು ತಿಂಗಳ ಕಂತು ಹೋಯಿತೆಂದು ಸಂದೇಶ ಬಂತು. ನನಗೆ ರೇಗಿತು.

"ಏನೂ ಆಗ್ಲಿಲ್ಲ ಅಂದ್ರೆ ಈ ದುಡ್ಡು ವಾಪಸ್ ಕೊಡ್ತಾರಾ?" ಎಂದೆ.

"ಇಲ್ಲ."

"ಆದ್ರೆ?"

"ಆದ್ರೆ ಕೊಡ್ತಾರೆ."

"ಅಂದ್ರೆ ನಮ್ಮ ದುಡ್ಡು ನಮಗೆ ಬರ್ಬೇಕಾದ್ರೆ ಮನೆಗೆ ಕೇಡಾಗ್ಬೇಕು. ಇದೆಂಥ ವ್ಯಾಪಾರ?"

ಇವರು ಮನೆಗಳಿಗೆ ಬಣ್ಣ ಹಚ್ಚುವ ಕೆಲಸದವರು. ಮಾತು ಬೆಳೆಯುವ ಲಕ್ಷಣ ಕಂಡರೆ ಬ್ರಷ್ ತೊಳೆಯಲು ಎದ್ದುಹೋಗುತ್ತಾರೆ. ಹೋದರು. ಹೋಗುತ್ತ, ನಿನ್ನ ಹೊಲಿಗೆ ಯಂತ್ರವನ್ನೂ ವಿಮೆಯಲ್ಲಿ ಸೇರಿಸಿದ್ದೇನೆ ಎಂದು ಮೆಲ್ಲಗೆ ಹೇಳಿದರು. ನನ್ನನ್ನು ಒಂದು ಮಾತು ಕೇಳದೆ.

ಗುಡುಗಮ್ಮನಿಗೆ ಏನಾಗುತ್ತದೆ? ಕಾರ್ಖಾನೆಯಲ್ಲಿ ಇಡುವಂಥ ಗಟ್ಟಿ ಯಂತ್ರ ಅದು. ಓಡಿದರೆ ಮೇಜಿನ ಮೇಲಿನ ಕತ್ತರಿ ಕುಣಿಯುತ್ತದೆ, ಅದಕ್ಕೇ ಆ ಹೆಸರು ಇಟ್ಟಿದ್ದು. ಬಂದ ಮೊದಲ ವರ್ಷವೆಲ್ಲ ನೆಲಮಾಳಿಗೆಯ ಕಾರ್ಖಾನೆಯಲ್ಲಿ ಪ್ಯಾಂಟಿನ ಅಂಚು ಹೊಲಿದೆ. ಬಚ್ಚಲಿಗೆ ಹೋಗಬೇಕಾದರೂ ಮೇಲ್ವಿಚಾರಕಿಯ ಮುಂದೆ ಕೈಯೆತ್ತಬೇಕಿತ್ತು. ಗುಡುಗಮ್ಮ ಬಂದ ಮೇಲೆ ಆ ಮೆಟ್ಟಿಲು ಇಳಿದಿಲ್ಲ. ಮದುವೆ ಉಡುಪಿನ ಅಂಗಡಿಯಾಕೆ ಬಟ್ಟೆಗಳನ್ನು ನನ್ನ ಕೈಗೇ ಕೊಡುತ್ತಾಳೆ, ಸೊಂಟ ಹಿಡಿಸುವುದು, ತೋಳು ಇಳಿಸುವುದು ಎಲ್ಲ ನನ್ನ ಕಿಟಕಿಯ ಪಕ್ಕ, ನನಗೆ ಇಷ್ಟ ಬಂದ ಹೊತ್ತಿಗೆ. ಇನ್ನು ಮೇಲೆ ಯಾರ ಮುಂದೆಯೂ ಕೈಯೆತ್ತುವುದಿಲ್ಲ.

ಮಧ್ಯಾಹ್ನ ಅಕ್ಕನ ವಿಡಿಯೋ ಕರೆ. ಎಂದಿನಂತೆ ತಲೆ ಬಾಚಿ, ಹೂವಿನ ಪರದೆಯ ಮುಂದೆ ಕುರ್ಚಿ ಹಾಕಿ ಕೂತೆ. ಇಡೀ ಮನೆಯಲ್ಲಿ ನೋಡುವ ಹಾಗಿರುವುದು ಅದೊಂದೇ ಜಾಗ. ಅಕ್ಕನೂ ದಸರಾ ಆದ ಮೇಲೆ ನೀಲಿ ಪರದೆ ಹಾಕಿಸಿದ್ದಾಳೆ, ಕಂಡ ದಿನವೇ ಚೆನ್ನಾಗಿದೆ ಎಂದಿದ್ದೆ, ಅದರ ಮುಂದೆಯೇ ಕೂರುತ್ತಾಳೆ. ಬಾವ ಹೇಗಿದ್ದಾರೆ ಎಂದರೆ ಕೆಲಸದ ಮೇಲೆ ಹೋಗಿದ್ದಾರೆ ಎಂದಳು. ಭಾನುವಾರವೂ ದುಡಿಯುವ ಗಂಡ ಸಿಕ್ಕಿದ್ದಾನೆ ಪುಣ್ಯಾತ್ಗಿತ್ತಿಗೆ.

ಫೆಬ್ರವರಿ ೬, ಶುಕ್ರವಾರ

ಅಂಗಡಿಯಿಂದ ಬಂದು ಬಾಗಿಲು ತೆಗೆದರೆ ಚಪ್ಪಲಿ ತೇಲುತ್ತಿದೆ.

ಮೇಲಿನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪೈಪು ಕಿತ್ತು ಬಂದಿದೆ. ಬೆಳಗ್ಗೆಯಿಂದ ಸುರಿದಿರಬೇಕು. ನೀರು ಗೋಡೆಯೊಳಗೆ ಇಳಿದು, ದೀಪದ ತೂತಿನಿಂದ ನೇರವಾಗಿ ಗುಡುಗಮ್ಮನ ತಲೆಯ ಮೇಲೆ ಬಿದ್ದಿದೆ. ಅಂಗಡಿಯಾಕೆಯ ಬಿಳಿ ಗೌನು ಎತ್ತರದ ಗೂಟದಲ್ಲಿತ್ತು, ಅದೊಂದು ಉಳಿಯಿತು. ಇಲ್ಲದಿದ್ದರೆ ಇವತ್ತು ನನ್ನ ತಿಥಿಯೇ.

ಮೇಲಿನ ಮನೆಯವರು ಓಡಿ ಬಂದರು. ವಯಸ್ಸಾದವರು, ಒಬ್ಬರೇ ಇದ್ದಾರೆ, ದಿನಾ ಸಂಜೆ ತುತ್ತೂರಿ ಊದುತ್ತಾರೆ. ನಾವು ತುತ್ತೂರಿ ತಾತ ಎನ್ನುತ್ತೇವೆ. ಒದ್ದೆ ಕಾಲಿನಲ್ಲಿ, ಎರಡು ಟವೆಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳುಚಿಕೊಂಡಿತ್ತು.

"ನನ್ನ ತಪ್ಪು. ಏನೇನು ಹಾಳಾಯ್ತು ಹೇಳಿ."

"ಏನೂ ಆಗಿಲ್ಲ ಬಿಡಿ," ಎಂದೆ. "ನೀವು ಹೋಗಿ ಕಾಲು ಒರೆಸ್ಕೊಳ್ಳಿ, ಶೀತ ಆಗುತ್ತೆ."

ಅವರು ನನ್ನ ಹೆಗಲ ಮೇಲಿಂದ ಒಳಗೆ ನೋಡಲು ಹೋದರು. ನಾನು ಅಡ್ಡ ನಿಂತೆ. ಬಾಗಿಲಿಗೆ ಬಂದ ಹಿರಿಯರಿಗೆ ನಮ್ಮ ಮನೆಯ ರಾಡಿ ತೋರಿಸಿ ಗೋಳಾಡಲಾಗುತ್ತದೆಯೇ? ಚಹಾ ಮಾಡಿ ಅಲ್ಲೇ ಮೆಟ್ಟಿಲ ಮೇಲೆ ಕೊಟ್ಟು ಕಳಿಸಿದೆ. ಆಮೇಲೆ ಬಾಗಿಲು ಹಾಕಿ ಅತ್ತೆ.

ಇವರು ಬಂದು ವಿಮೆಯವರಿಗೆ ಫೋನು ಮಾಡಿದರು. ನೋಡಲು ಯಾರನ್ನೋ ಕಳಿಸುತ್ತಾರಂತೆ.

ಫೆಬ್ರವರಿ ೮, ಭಾನುವಾರ

ಸೊಂಟ ಬಿದ್ದುಹೋಗಿದೆ, ಆದರೆ ಮನೆ ಕಣ್ಣಿಗೆ ಹಬ್ಬ.

ನಿನ್ನೆ ಇಡೀ ದಿನ ಬಳಿದು, ತೊಳೆದು, ಒರೆಸಿದೆ. ನೆನೆದು ನಾರುತ್ತಿದ್ದ ಜಮಖಾನೆಯನ್ನು ಕಸದ ತೊಟ್ಟಿಗೆ ಹಾಕಿಸಿದೆ. ಉಬ್ಬಿದ ಕಪಾಟಿನ ಹಲಗೆಗಳನ್ನೂ ಅದರ ಹಿಂದೆ ಕಳಿಸಿದೆ. ಇವರು ಹಳದಿಯಾದ ಗೋಡೆಗೆ ಎರಡು ಕೈ ಬಣ್ಣ ಹೊಡೆದರು. ಮನೆ ಹಿಡಿದಾಗಲೂ ಆ ಗೋಡೆ ಇಷ್ಟು ಬೆಳ್ಳಗಿರಲಿಲ್ಲ. ಗುಡುಗಮ್ಮನನ್ನು ಬಿಚ್ಚಿ, ತಲೆ ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದು, ಎಣ್ಣೆ ಬಿಟ್ಟು, ಫಳಫಳ ಉಜ್ಜಿ ಇಟ್ಟೆ.

ಯಾರೋ ದೊಡ್ಡ ಕಚೇರಿಯವರು ಬರುತ್ತಾರೆ. ಪರದೇಶದವರ ಮನೆ ಹೀಗೇ ಎಂದು ಮೂಗು ಮುಚ್ಚಿಕೊಂಡು ಹೋಗಬಾರದಲ್ಲ.

ಅಕ್ಕನಿಗೆ ನೀರಿನ ಸುದ್ದಿ ಹೇಳಲಿಲ್ಲ. ಹೂವಿನ ಪರದೆಯ ಮುಂದೆ ಕೂತು, ಇಲ್ಲಿ ಎಲ್ಲ ಚೆನ್ನಾಗಿದೆ ಎಂದೆ. ಇಲ್ಲೂ ಎಲ್ಲ ಚೆನ್ನಾಗಿದೆ ಎಂದಳು.

ಫೆಬ್ರವರಿ ೯, ಸೋಮವಾರ

ಗುಡುಗಮ್ಮ ಓಡುತ್ತಿಲ್ಲ. ಸ್ವಿಚ್ಚು ಹಾಕಿದರೆ ಒಂದು ಸಲ ನರಳಿ ಸುಮ್ಮನಾಗುತ್ತಾಳೆ. ಸುಟ್ಟ ವಾಸನೆ.

ಫೆಬ್ರವರಿ ೧೭, ಮಂಗಳವಾರ

ಹಾನಿ ನೋಡಲು ವಿಮೆಯವರ ಸರ್ವೇಯರ್ ಬಂದಿದ್ದ. ಇವರ ತಮ್ಮನ ವಯಸ್ಸು. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದ, ನಮ್ಮ ನೆಲ ಕೊಳೆಯಾಗಬಾರದು ಎಂದು. ನನಗೆ ಎಷ್ಟು ಹಿತವಾಯಿತೆಂದರೆ ಮೂರು ಬಗೆಯ ತಿಂಡಿ ಇಟ್ಟೆ. ಯಾವುದನ್ನೂ ಮುಟ್ಟಲಿಲ್ಲ.

"ನೀರು ಎಲ್ಲಿಂದ ಬಂತು?"

ನಾನು ಗೋಡೆ ತೋರಿಸಿದೆ. ಅವನು ಗೋಡೆ ನೋಡಿದ, ನನ್ನನ್ನು ನೋಡಿದ, ಮತ್ತೆ ಗೋಡೆ ನೋಡಿದ.

"ಈ ಗೋಡೇನಾ?"

"ಹೌದು."

"ಒದ್ದೆಯಾದ ಸಾಮಾನು ಎಲ್ಲಿ?"

"ಬಿಸಾಕಿದ್ವಿ."

"ಫೋಟೋ?"

ಒದ್ದೆ ಜಮಖಾನೆಯ ಫೋಟೋ ಯಾರಾದರೂ ತೆಗೆಯುತ್ತಾರೆಯೇ? ನಮ್ಮ ಫೋನಿನಲ್ಲಿರುವುದು ಇವರ ತಂಗಿಯ ಮಗುವಿನ ಫೋಟೋಗಳು. ಗುಡುಗಮ್ಮನ ಕಡೆ ಕೈ ತೋರಿಸಿ, ಓಡುತ್ತಿಲ್ಲ ಎಂದೆ. ಹೊಸದರ ಹಾಗಿದೆಯಲ್ಲ ಎಂದ. ಅದನ್ನು ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಎಂದೆ. ಏನೋ ಒತ್ತಿಕೊಂಡು, ಮೇಲಿನ ಮನೆಗೂ ಹೋಗಿ ಬಂದು, ನೀಲಿ ಚೀಲ ಬಿಚ್ಚಿ ಹೊರಟುಹೋದ.

ಒಳ್ಳೆಯ ಹುಡುಗ. ಕೆಲಸ ಆಗುತ್ತದೆ ಎನ್ನಿಸುತ್ತದೆ.

ಮಾರ್ಚ್ ೩, ಮಂಗಳವಾರ

ಒಳ್ಳೆಯ ಹುಡುಗನಂತೆ.

ಅವನ ಕಚೇರಿಯಿಂದ ಪತ್ರ ಬಂದಿದೆ. ನಿಘಂಟು ಇಟ್ಟುಕೊಂಡು ಓದಿದೆ, ಓದಿದಷ್ಟೂ ರಕ್ತ ಕುದಿಯಿತು. ತಪಾಸಣೆಯಲ್ಲಿ ಯಾವ ಹಾನಿಯೂ ಕಂಡುಬಂದಿಲ್ಲ. ಮೇಲಿನ ಮನೆಯ ನಿವಾಸಿಯ ಹೇಳಿಕೆಯ ಪ್ರಕಾರ, ಅದೇ ದಿನ ನೀವೇ "ಏನೂ ಆಗಿಲ್ಲ" ಎಂದಿದ್ದೀರಿ. ಆದ್ದರಿಂದ ಪರಿಹಾರವಿಲ್ಲ. ಕೆಳಗೆ ಇನ್ನೂ ಒಂದು ಸಾಲು: ಇಲ್ಲದ ಹಾನಿಗೆ ಪರಿಹಾರ ಕೇಳುವುದು ಅಪರಾಧ ಎಂಬುದನ್ನು ನೆನಪಿಸುತ್ತೇವೆ.

ನಾನು ಕಳ್ಳಿ. ಮಂಡಿಯೂರಿ ಮನೆ ಒರೆಸಿದ್ದಕ್ಕೆ, ಮುದುಕರಿಗೆ ಬೇಸರ ಮಾಡದೆ ಕಳಿಸಿದ್ದಕ್ಕೆ ನಾನು ಕಳ್ಳಿ.

ಇವರು ಎಂದಿನಂತೆ, "ಹೋಗ್ಲಿ ಬಿಡೇ, ನಮ್ಮ ಹಣೆಬರಹ," ಎಂದರು. ಮಂಗಳಾರತಿ ಎತ್ತಿದೆ. ಇವರ ಹಣೆಬರಹ ಇವರೇ ಇಟ್ಟುಕೊಳ್ಳಲಿ. ಇಲ್ಲಿ ಹೋಗಿರುವುದು ನನ್ನ ಯಂತ್ರ.

ಮಾರ್ಚ್ ೪, ಬುಧವಾರ

ಅಂಗಡಿಯಾಕೆಗೆ ವಿಷಯ ಹೇಳಿದೆ. ಕೆಟ್ಟವಳಲ್ಲ. "ಏಪ್ರಿಲ್ ಮುಗಿಯೋವರೆಗೆ ಸಣ್ಣಪುಟ್ಟದ್ದು ಕೈಯಲ್ಲಿ ಹೊಲಿದು ಕೊಡು. ಆಮೇಲೆ ಮದುವೆಗಳ ಸುಗ್ಗಿ. ಅಷ್ಟರಲ್ಲಿ ಯಂತ್ರ ಬರದಿದ್ರೆ ನಾನು ಬೇರೆಯವರನ್ನ ನೋಡ್ಲೇಬೇಕು," ಎಂದಳು.

ವಾಪಸು ಬರುವಾಗ ನೆಲಮಾಳಿಗೆ ಕಾರ್ಖಾನೆಯ ಮುಂದೆಯೇ ಬಸ್ಸು ನಿಂತಿತು. ಬಾಗಿಲಲ್ಲಿ, ಹೊಲಿಗೆಯವರು ಬೇಕಾಗಿದ್ದಾರೆ ಎಂಬ ಬೋರ್ಡು. ಮೇಲ್ವಿಚಾರಕಿ ಸಿಗರೇಟು ಸೇದುತ್ತ ನಿಂತಿದ್ದಳು. ನನ್ನನ್ನು ಕಂಡು ಕೈಬೀಸಿದಳು. ನಾನು ಆ ಕಡೆ ಮುಖ ತಿರುಗಿಸಿ ಕೂತೆ.

ಮನೆಗೆ ಬಂದರೆ ಇವರು ಗೋಡೆಯ ಮುಂದೆ ಬಣ್ಣ ಕೆರೆಯುವ ಪಟ್ಟಿ ಹಿಡಿದು ನಿಂತಿದ್ದಾರೆ. ಹೊಸ ಬಣ್ಣದಲ್ಲಿ ಗುಳ್ಳೆ ಎದ್ದಿವೆ. ಒಳಗಿನ ತೇವ ಆರದೆ ಮೇಲೆ ಬಣ್ಣ ಬಳಿದದ್ದಕ್ಕೆ ಹೀಗೆ, ಕೆರೆದು ಇನ್ನೊಂದು ಕೈ ಹೊಡೆದರೆ ಸರಿಹೋಗುತ್ತದೆ ಎಂದರು.

"ಮುಟ್ಟಬೇಡಿ," ಎಂದೆ.

"ಇನ್ನೂ ಎದ್ದು ಬರುತ್ತೆ ಕಣೇ. ಬೂಷ್ಟು ಹಿಡಿಯುತ್ತೆ."

"ಹಿಡೀಲಿ."

ಬಣ್ಣದವನ ಮನೆಯ ಗೋಡೆ ಹೀಗಿದ್ದರೆ ಜನ ಏನೆಂದಾರು ಎಂದು ಗೊಣಗಿದರು. ಜನ ಏನಾದರೂ ಅನ್ನಲಿ. ಆ ಗೋಡೆ ಬಾಯಿ ಬಿಡುತ್ತಿದೆ, ಮುಚ್ಚಿಸುವುದು ಬೇಡ. ಮೊದಲ ಬಾರಿಗೆ ಫೋನು ತೆಗೆದು ಗುಳ್ಳೆಗಳ ಫೋಟೋ ತೆಗೆದೆ. ಮಗುವಿನ ಫೋಟೋಗಳ ಪಕ್ಕ ಕೂತವು.

ಮಾರ್ಚ್ ೭, ಶನಿವಾರ

ಇವತ್ತು ಮಾಡಿದ್ದು ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ಮೇಲಿನ ಮನೆಗೆ ಹೋಗಿ, ನಾನು ನಿಮಗೆ ಹೇಳಿದ್ದು ಸುಳ್ಳು ಎಂದು ತುತ್ತೂರಿ ತಾತನ ಮುಖಕ್ಕೆ ಹೇಳಿದೆ.

ಮೊದಲು ಅವರ ಮೇಲೂ ಸಿಟ್ಟಿತ್ತು. ವಿಮೆಯವನ ಕೈಗೆ ನನ್ನ ಮಾತನ್ನು ಹಾಗೇ ಎತ್ತಿ ಕೊಡಬೇಕಿತ್ತೇ ಎಂದು. ಆದರೆ ಅವರಾದರೂ ಏನು ಮಾಡಿಯಾರು? ನಾನು ಹೇಳಿದ್ದನ್ನೇ ಹೇಳಿದ್ದಾರೆ.

ಕಿಟಕಿಯ ಬಳಿ ಕೂತು ತುತ್ತೂರಿ ಒರೆಸುತ್ತಿದ್ದರು. ನಾನು ಕೂರಲಿಲ್ಲ.

"ಆವತ್ತು ಏನೂ ಆಗಿಲ್ಲ ಅಂದೆ. ಆಗಿತ್ತು. ಜಮಖಾನೆ ಹೋಯ್ತು, ಕಪಾಟು ಹೋಯ್ತು, ನನ್ನ ಯಂತ್ರ ಹೋಯ್ತು. ಗೋಡೆ ಈಗ ಹೋಗ್ತಾ ಇದೆ."

ಅವರು ಬಟ್ಟೆ ಕೆಳಗಿಟ್ಟರು. "ಮತ್ತೆ ಯಾಕೆ ಹಾಗಂದ್ರಿ?"

"ನಮ್ಮ ಕಡೆ ಹಾಗೇ ಅನ್ನೋದು."

"ಏನಾದ್ರೂ ಆದಾಗ ಏನೂ ಆಗಿಲ್ಲ ಅಂತೀರಾ?"

"ಹೂಂ."

"ಏನೂ ಆಗದೆ ಇದ್ದಾಗ?"

"ಆಗ್ಲೂ ಅದೇ," ಎಂದೆ. ಅವರು ನಗಲಿಲ್ಲ. ಅಷ್ಟು ನೀರು ಎಲ್ಲಿ ಹೋಯಿತು ಎಂದು ನಾನೂ ಯೋಚಿಸುತ್ತಿದ್ದೆ ಎಂದರು. ಆಮೇಲೆ ನನ್ನ ಹಿಂದೆಯೇ ಕೆಳಗಿಳಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಗೋಡೆ ನೋಡಿದರು, ಗುಡುಗಮ್ಮನ ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದರು.

"ನೀವು ಸಂಜೆ ಹೊತ್ತು ಹೊಲೀತಾ ಇದ್ರಿ. ಆ ಸದ್ದಿನ ತಾಳಕ್ಕೆ ನಾನು ಊದ್ತಾ ಇದ್ದೆ," ಎಂದರು. "ಒಂದು ತಿಂಗಳಿಂದ ಸದ್ದಿಲ್ಲ. ಊರಿಗೆ ಹೋಗಿದ್ದೀರೇನೋ ಅಂದ್ಕೊಂಡಿದ್ದೆ."

ಹೊಸ ಹೇಳಿಕೆ ಬರೆದು ಕೊಡುತ್ತೇನೆ, ನನ್ನ ಮುಲಾಜು ನೋಡಬೇಡಿ, ನನ್ನ ಪೈಪಿನಿಂದಲೇ ಆಯಿತೆಂದು ಅದರಲ್ಲಿ ಇರುತ್ತದೆ ಎಂದರು. ಹೋದ ಮೇಲೆ ನೆನಪಾಯಿತು, ಚಹಾ ಕೊಡುವುದೇ ಮರೆತಿದ್ದೆ.

ಮಾರ್ಚ್ ೧೧, ಬುಧವಾರ

ಸಹಾಯವಾಣಿಯವರ ಜೊತೆ ಇವರು ಮಾತಾಡಿದರೆ ಆಗುವುದಿಲ್ಲ. ಮೊದಲೂ "ಸಾರಿ", ಕೊನೆಗೂ "ಸಾರಿ", ನಡುವೆ ಏನೂ ಇಲ್ಲ. ಫೋನು ಕಿತ್ತುಕೊಂಡೆ.

ಕಾಯಿರಿ ಎಂದು ಸಂಗೀತ ಹಾಕಿದರು. ಕಾದೆ. ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಅಂಗಡಿಯಾಕೆಯ ಒಂದು ಲಂಗದ ಅಂಚನ್ನು ಕೈಯಲ್ಲಿ ಹೊಲಿಯುತ್ತ ಕೂತೆ. ಅಂಚು ಮುಗಿಯಿತು, ಸಂಗೀತ ಮುಗಿಯಲಿಲ್ಲ. ಎರಡನೆಯ ಲಂಗ ತೆಗೆದೆ. ಬೇಸತ್ತು ಇಡುತ್ತಾಳೆ ಎಂದುಕೊಂಡಿದ್ದರೆ ಅವರಿಗೆ ನಮ್ಮ ಮನೆತನ ಗೊತ್ತಿಲ್ಲ.

ಕೊನೆಗೊಂದು ಹುಡುಗಿಯ ದನಿ. ಅರ್ಜಿಯ ಸಂಖ್ಯೆ ಕೇಳಿದಳು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ.

"ಇದು ಮುಗಿದಿದೆ ಮೇಡಂ."

"ನಿಮಗೆ ಮುಗಿದಿದೆ. ನನಗೆ ಮುಗಿದಿಲ್ಲ."

ಏನಾಯಿತು ಹೇಳಿ ಎಂದಳು. ನನ್ನ ಹರಕುಮುರುಕು ಭಾಷೆಯಲ್ಲಿ ಎಲ್ಲ ಹೇಳಿದೆ. ನಾವು ಎಷ್ಟು ಮರ್ಯಾದಸ್ಥರು, ಈ ದೇಶಕ್ಕೆ ಬಂದಾಗಿನಿಂದ ಯಾರ ಹತ್ತಿರವೂ ಒಂದು ಲೋಟ ಸಕ್ಕರೆಯನ್ನೂ ಕೇಳಿದವರಲ್ಲ ಎಂಬುದನ್ನೂ ಹೇಳಿದೆ.

"ಮೇಡಂ," ಎಂದಳು, "ನೀವು ಒಳ್ಳೆಯವರು ಅಂತ ನಮಗೆ ತೋರಿಸ್ಬೇಕಾಗಿಲ್ಲ. ಏನು ಹಾಳಾಗಿದೆ ಅಂತ ತೋರಿಸಿ, ಸಾಕು. ಯಂತ್ರ ರಿಪೇರಿ ಮಾಡೋರ ಹತ್ತಿರ ಬಿಚ್ಚಿಸಿ ಬರೆಸಿ ಕಳಿಸಿ. ಮತ್ತೊಮ್ಮೆ ತಪಾಸಣೆ ಕೇಳೋ ಹಕ್ಕಿದೆ ನಿಮಗೆ."

ಹಕ್ಕಿದ್ದದ್ದನ್ನು ಮೊದಲೇ ಹೇಳಲು ವಿಮೆಯವರಿಗೇನಾಗಿತ್ತು ಎಂದು ಬೈದೇ ಫೋನು ಇಟ್ಟೆ. ಆದರೂ ಆ ಮಾತು ತಲೆಯಲ್ಲಿ ಕೂತಿದೆ. ಇಷ್ಟು ದಿನ ನಾನು ವಿಮೆಯವರ ಮುಂದೆ ಸಂಬಂಧ ನೋಡಲು ಬಂದವರ ಮುಂದೆ ಕೂತ ಹಾಗೆ ಕೂತಿದ್ದೆನೋ ಏನೋ.

ಮಾರ್ಚ್ ೧೪, ಶನಿವಾರ

ರಿಪೇರಿಯವನು ಬಂದು ಗುಡುಗಮ್ಮನ ಮೋಟಾರು ಬಿಚ್ಚಿದ. ಹೊರಗೆ ಕನ್ನಡಿ, ಒಳಗೆ ಪೂರಾ ತುಕ್ಕು. "ಇಷ್ಟು ಚೆನ್ನಾಗಿ ಉಜ್ಜಿದ್ದು ಯಾರು?" ಎಂದು ಕೇಳಿದ. ನಾನಲ್ಲ ಎಂದೆ.

ಹಾಗೇ ಬಿಚ್ಚಿಟ್ಟಿರಲಿ, ಮುಚ್ಚಬೇಡಿ ಎಂದು ಹೇಳಿ ಕಳಿಸಿದೆ. ಊಟದ ಮೇಜಿನ ಅರ್ಧದಲ್ಲಿ ಈಗ ತುಕ್ಕು ಹಿಡಿದ ಮೋಟಾರು. ಇನ್ನರ್ಧದಲ್ಲಿ ನಾವು ಉಣ್ಣುತ್ತೇವೆ.

ಮಾರ್ಚ್ ೨೨, ಭಾನುವಾರ

ಬೂಷ್ಟು ಕಿಟಕಿಯವರೆಗೆ ಬಂದಿದೆ. ಕಪ್ಪು, ಹಸಿರು, ನಡುವೆ ಕಿತ್ತಳೆ ಬಣ್ಣದ್ದೂ ಒಂದಿಷ್ಟು. ಇವರು ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ. ಕೈ ತುರಿಸುತ್ತದಂತೆ, ಬ್ರಷ್ ಇರುವ ಡಬ್ಬಿಯನ್ನು ಹೊರಗಿಟ್ಟಿದ್ದೇನೆ.

ಇವರ ಜೊತೆ ಕೆಲಸ ಮಾಡುವವರ ಹೆಂಡತಿ ಬಂದಿದ್ದಳು. ಗೋಡೆ ನೋಡಿ ಹುಬ್ಬೇರಿಸಿದಳು. ಹಿಂದೆ ಆಗಿದ್ದರೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. "ಮೇಲಿಂದ ನೀರು ಬಂತು. ವಿಮೆಯವರ ಜೊತೆ ಜಗಳ ನಡೀತಿದೆ, ಅದಕ್ಕೆ ಹಾಗೇ ಬಿಟ್ಟಿದ್ದೀನಿ," ಎಂದೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡು, ಅವರ ಕಾರಿಗೆ ಯಾರೋ ಗುದ್ದಿದ್ದು, ತಾವೇ ಇರಲಿ ಬಿಡಿ ಎಂದು ಕೈ ಮುಗಿದು ಕಳಿಸಿದ್ದು, ಎಲ್ಲ ಹೇಳಿದಳು. ಗುದ್ದಿದವನ ಗಾಡಿ ನಂಬರು ಬರೆದುಕೊಂಡಿದ್ದೀರಾ ಎಂದು ಕೇಳಿದೆ. ಬರೆದುಕೊಂಡಿದ್ದಾಳೆ. ನಾಳೆ ಬಾ, ಇಬ್ಬರೂ ಕೂತು ಫೋನು ಮಾಡೋಣ ಎಂದೆ.

ಇವತ್ತು ಅಕ್ಕನ ಕರೆ ಬರಲಿಲ್ಲ. ತಲೆನೋವು ಎಂದು ಬರೆದಿದ್ದಳು.

ಮಾರ್ಚ್ ೨೭, ಶುಕ್ರವಾರ

ನೀಲಿ ಚೀಲದವನು ಮತ್ತೆ ಬಂದಿದ್ದ. ಬಾಗಿಲಲ್ಲಿ ಬಗ್ಗಿ ಚೀಲ ಹಾಕಿಕೊಳ್ಳಲು ಹೋದ.

"ಬೇಡ," ಎಂದೆ. "ಹಾಗೇ ಬನ್ನಿ. ನೆಲ ಗುಡಿಸಿಲ್ಲ."

ಬೇಕೆಂದೇ ಗುಡಿಸಿರಲಿಲ್ಲ. ಬೆಳಗ್ಗೆ ಕೈ ತಾನಾಗಿ ಪೊರಕೆಯ ಕಡೆ ಹೋಗಿತ್ತು, ಎರಡು ಸಲ. ಎರಡು ಸಲವೂ ಕೈಕಟ್ಟಿ ಕೂತೆ. ತಿಂಡಿ ಮಾಡಲಿಲ್ಲ. ಗೋಡೆಗೆ ತಾಗಿಸಿ ಕುರ್ಚಿ ಹಾಕಿದೆ. ಅವನು ಕೂತ, ಎರಡು ಸಲ ಸೀನಿದ, ಎದ್ದು ನಿಂತ. ಜೇಬಿನಿಂದ ಪುಟ್ಟ ಯಂತ್ರ ತೆಗೆದು ಗೋಡೆಗೆ ಹಿಡಿದ, ಅದು ಕಿರುಚಿಕೊಂಡಿತು. ಬೆರಳಿಂದ ಒತ್ತಿದ. ಬೆರಳು ಗಾರೆಯೊಳಗೆ ಹೋಯಿತು.

ಬಿಚ್ಚಿಟ್ಟ ಮೋಟಾರು ನೋಡಿದ. ರಿಪೇರಿಯವನ ಚೀಟಿ ನೋಡಿದ. ತಾತನ ಹೇಳಿಕೆ ಕೊಟ್ಟೆ. ಗುಳ್ಳೆಯಿಂದ ಬೂಷ್ಟಿನವರೆಗಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ, ನಡುವೆ ಮಗುವಿನದೂ ಬಂದವು. ಅವನು ಎಲ್ಲ ಬರೆದುಕೊಂಡು ಪೆನ್ನು ಮುಚ್ಚಿದ. ಆಮೇಲೆ ಕಚೇರಿಯ ದನಿ ಬಿಟ್ಟು ಕೇಳಿದ:

"ಹೋದ ಸಲ ಯಾಕೆ ಎಲ್ಲಾ ಕ್ಲೀನ್ ಮಾಡಿದ್ರಿ?"

"ನೀವು ಬರ್ತೀರಿ ಅಂತ."

ಅವನು ನನ್ನನ್ನೇ ನೋಡಿದ.

"ಅದನ್ನೂ ಬರ್ಕೊಳ್ಳಿ," ಎಂದೆ. "ಮನೆಗೆ ಜನ ಬರ್ತಾರೆ ಅಂತ ಒರೆಸಿದ್ದು. ಕಳ್ಳತನ ಮಾಡೋಕಲ್ಲ. ನಿಮ್ಮ ಪತ್ರದಲ್ಲಿ ಅಪರಾಧ ಅಂತ ಬರೆದಿದ್ದೀರಿ. ಆ ಮಾತನ್ನ ನೀವು ವಾಪಸ್ ತಗೋಬೇಕು."

ಅವನು ಪೆನ್ನು ಮತ್ತೆ ತೆಗೆದು ಬರೆದುಕೊಂಡ. ಅವನ ತಾಯಿಯೂ ಪ್ಲಂಬರ್ ಬರುತ್ತಾನೆಂದರೆ ಬಚ್ಚಲು ತೊಳೆಯುತ್ತಾರಂತೆ. ಹೋಗುವಾಗ ಹೇಳಿದ.

ಏಪ್ರಿಲ್ ೧೦, ಶುಕ್ರವಾರ

ಕೊಡುತ್ತಾರೆ. ಗುಡುಗಮ್ಮನಂಥದೇ ಯಂತ್ರ ಕೊಡುತ್ತಾರೆ, ಗೋಡೆಯನ್ನೂ ಮಾಡಿಸುತ್ತಾರೆ. ಜಮಖಾನೆ, ಕಪಾಟಿಗೆ ಏನೂ ಇಲ್ಲ, ಬಿಸಾಕಿದ್ದಕ್ಕೆ ಸಾಕ್ಷಿ ಇಲ್ಲವಲ್ಲ. ಅದು ನನ್ನ ಒರೆಸುವ ಬಟ್ಟೆಗೆ ಹೋದ ಲೆಕ್ಕ.

ಅಪರಾಧದ ಮಾತನ್ನೂ ವಾಪಸು ತೆಗೆದುಕೊಂಡಿದ್ದಾರೆ. ಆ ಸಾಲನ್ನು ಇವರಿಂದ ಎರಡು ಸಲ ಓದಿಸಿದೆ. ಅಂಗಡಿಯಾಕೆಗೆ ಫೋನು ಮಾಡಿ, ಬೇರೆಯವರನ್ನು ನೋಡಬೇಡಿ ಎಂದೆ. ನೋಡಿಲ್ಲ ಎಂದಳು.

ತಾತನಿಗೆ ಹೇಳಲು ಮೇಲೆ ಹೋದೆ. ಯಾವಾಗಿಂದ ಸದ್ದು ಶುರು ಎಂದು ಕೇಳಿದರು. ಬುಧವಾರ ಯಂತ್ರ ಬರುತ್ತದೆ, ಅವತ್ತಿನಿಂದ ಎಂದೆ.

"ಈಗಾದ್ರೂ ಗೋಡೆ ಮುಟ್ಟಬಹುದಾ?" ಎಂದು ಇವರು ಕೇಳಿದರು. ಪಾಪ. ಯಂತ್ರ ಬರಲಿ, ತಡೆಯಿರಿ ಎಂದೆ.

ಏಪ್ರಿಲ್ ೧೨, ಭಾನುವಾರ

ಅಕ್ಕನ ಕರೆ ಬಂದಾಗ ನಾನು ಮೇಜಿನ ಬಳಿ ಇದ್ದೆ. ಪರದೆಯ ಮುಂದೆ ಕುರ್ಚಿ ಹಾಕಲು ಹೋಗಲಿಲ್ಲ, ತಲೆಯೂ ಬಾಚಿರಲಿಲ್ಲ.

"ಏನೇ ಅದು ನಿನ್ನ ಹಿಂದೆ?" ಎಂದಳು.

ಫೋನು ತಿರುಗಿಸಿ ತೋರಿಸಿದೆ. ಬೂಷ್ಟಿನ ಗೋಡೆ, ಬಿಚ್ಚಿದ ಮೋಟಾರು, ಬೆರಳು ಹೋದ ತೂತು. ಫೆಬ್ರವರಿಯಿಂದ ಹೀಗೇ, ನಿನಗೆ ಹೇಳಿರಲಿಲ್ಲ ಎಂದೆ. ನೆಲಮಾಳಿಗೆಗೆ ವಾಪಸು ಹೋಗಬೇಕಾಗುತ್ತದೆ ಎಂದು ಎಷ್ಟು ಹೆದರಿದ್ದೆ ಎಂದೂ ಹೇಳಿದೆ. ಕಾರ್ಖಾನೆಯ ವಿಷಯವನ್ನೇ ಅವಳಿಗೆ ಹೇಳಿರಲಿಲ್ಲ. ಬಂದಾಗಿನಿಂದ ಬೊಟಿಕ್‌ನಲ್ಲಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಬೈಯುತ್ತಾಳೆ ಎಂದುಕೊಂಡೆ. ಅವಳು ಎದ್ದಳು. ಕೈ ಹಿಂದೆ ಹೋಯಿತು, ನೀಲಿ ಪರದೆ ಸರಿಯಿತು.

ಪರದೆಯ ಹಿಂದೆ ಇದ್ದದ್ದು ಅವಳ ಮನೆಯಲ್ಲ. ಒಂದರ ಮೇಲೊಂದು ಕಬ್ಬಿಣದ ಮಂಚ, ಹಗ್ಗದ ಮೇಲೆ ಯಾರದೋ ಟವೆಲು, ಮಂಚದ ಕೆಳಗೆ ನಮ್ಮ ಅಮ್ಮನ ಹಸಿರು ಟ್ರಂಕು.

"ಹೆಂಗಸರ ಹಾಸ್ಟೆಲ್ಲು," ಎಂದಳು. "ದಸರಾದಿಂದ. ನೀನು ಪರದೆ ಚೆನ್ನಾಗಿದೆ ಅಂದ್ಯಲ್ಲ, ಆವತ್ತಿಂದ," ಎಂದಳು.

"ಬಾವ?"

"ಏನೂ ಆಗಿಲ್ಲ ಬಿಡೇ."

ನನ್ನ ಬಾಯಿಯ ಮಾತು ಅವಳ ಬಾಯಿಂದ ಬಂತು. ನಾವಿಬ್ಬರೂ ಒಂದೇ ತಾಯಿಯ ಹತ್ತಿರ ಕಲಿತದ್ದು.

"ಅಕ್ಕಾ," ಎಂದೆ. "ಆ ಮಾತು ಇನ್ನೊಂದು ಸಲ ಆಡಬೇಡ. ಏನೇನಾಯ್ತು ಹೇಳು."

ಹೇಳಿದಳು. ಇಲ್ಲಿ ಬರೆಯುವುದಿಲ್ಲ. ಬರೆದರೆ ಪೆನ್ನು ಮುರಿಯುತ್ತೇನೆ. ಅವಳ ಪೆಟ್ಟಿಗೆ, ಅವಳ ಪಾತ್ರೆ, ಅವಳ ಸರ್ಟಿಫಿಕೇಟುಗಳು ಎಲ್ಲ ಆ ಮನೆಯಲ್ಲೇ ಇವೆ. ಕೇಳಿದರೆ ಬಾವ, ಇವಳಿಗೆ ನಾನೇನು ಮಾಡಿದ್ದೇನೆ, ತಾನಾಗಿ ಎದ್ದು ಹೋದಳು ಎನ್ನುತ್ತಾನಂತೆ. ಕೀಲಿ ಅವಳ ಹತ್ತಿರ ಇನ್ನೂ ಇದೆ. ನಾಡಿದ್ದು ಅವನು ಊರಲ್ಲಿರುವುದಿಲ್ಲ.

"ನಾಡಿದ್ದು ಹೋಗು," ಎಂದೆ. "ಒಬ್ಬಳೇ ಹೋಗಬೇಡ, ಹಾಸ್ಟೆಲ್ಲಿನ ವಾರ್ಡನ್ನ ಕರ್ಕೊಂಡು ಹೋಗು, ಸಾಕ್ಷಿಗೆ. ಹೋಗಿ ಏನನ್ನೂ ಒರೆಸಬೇಡ. ಜೋಡಿಸಬೇಡ. ಬಿದ್ದಿದ್ದನ್ನ ಎತ್ತಿಡಬೇಡ. ಹೇಗಿದೆಯೋ ಹಾಗೇ ಫೋಟೋ ತೆಗಿ. ತೆಗೆದ ಮೇಲೆ ನಿನ್ನ ಸಾಮಾನು ತಗೊಂಡು ಬಾ."

"ಅಯ್ಯೋ, ವಾರ್ಡನ್ ನೋಡಿದ್ರೆ ಏನಂದ್ಕೋತಾರೆ, ಮನೆ ಹೇಗಿರುತ್ತೋ ಏನೋ."

"ನೋಡ್ಲಿ."

ಇದನ್ನೆಲ್ಲ ಯಾರು ಹೇಳಿಕೊಟ್ಟರೇ ನಿನಗೆ ಎಂದು ಕೇಳಿದಳು. ವಿಮೆಯವರು ಎಂದೆ. ನಕ್ಕಳು. ನಗುತ್ತಲೇ ಅತ್ತಳು, ಕ್ಯಾಮೆರಾ ಪಕ್ಕಕ್ಕೆ ತಿರುಗಿಸಲಿಲ್ಲ.

ಏಪ್ರಿಲ್ ೧೪, ಮಂಗಳವಾರ

ಸಂಜೆ ಇವರು ಗೋಡೆ ಕೆರೆಯುವ ಪಟ್ಟಿ ಮಸೆಯುತ್ತಿದ್ದರು. ನನ್ನ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು.

ಅಕ್ಕನ ಫೋಟೋಗಳು. ಅಡುಗೆಮನೆಯ ಮೂಲೆಗೆ ಕಾಲಲ್ಲಿ ತಳ್ಳಿದ ಒಡೆದ ಪಿಂಗಾಣಿ, ಅದರ ಮೇಲೆ ತಿಂಗಳುಗಳ ಧೂಳು. ಗೋಡೆಗೆ ಎಸೆದ ಸಾರಿನ ಕಲೆ, ಒಣಗಿ ಕಪ್ಪಾಗಿದೆ. ಮಲಗುವ ಕೋಣೆಯ ಬಾಗಿಲು, ಒಳಗಡೆಯ ಚಿಲಕ ಮೊಳೆಗಳ ಸಮೇತ ಕಿತ್ತು ನೇತಾಡುತ್ತಿದೆ. ಹೊರಗಿಂದ ಒದ್ದ ಗುರುತು.

ಅಷ್ಟು ದಿನ ಭಾನುವಾರ ಭಾನುವಾರ ಮಾತಾಡುತ್ತಿದ್ದೆ, ಆ ಪರದೆಯ ಜೊತೆ.

ಕೊನೆಯ ಫೋಟೋದಲ್ಲಿ ಅವಳೇ ಇದ್ದಳು. ಪೆಟ್ಟಿಗೆ ಕೈಯಲ್ಲಿ ಹಿಡಿದು, ತಲೆ ಕೆದರಿಕೊಂಡು, ಆ ಬಾಗಿಲ ಮುಂದೆ ನಿಂತಿದ್ದಾಳೆ. ವಾರ್ಡನ್ ತೆಗೆದದ್ದಿರಬೇಕು. ಕೆಳಗೆ ಬರೆದಿದ್ದಳು: ಏನೂ ಒರೆಸಿಲ್ಲ ಕಣೇ.

ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ತಾರೀಖು ಇದೆಯೇ ಎಂದು ಖಚಿತ ಮಾಡಿಕೊಂಡು, ಎಲ್ಲವನ್ನೂ ಇವರ ಫೋನಿಗೂ ಕಳಿಸಿದೆ. ಒಂದು ಕಡೆ ಇದ್ದರೆ ಸಾಲದು. ನಾಳೆ ಬೆಳಗ್ಗೆ ಅವಳು ವಾರ್ಡನ್ ಗೊತ್ತುಮಾಡಿಕೊಟ್ಟ ವಕೀಲೆಯ ಹತ್ತಿರ ಹೋಗುತ್ತಾಳೆ. ಆ ಹೊತ್ತಿಗೆ ನನಗೆ ಫೋನು ಮಾಡು, ಕಾಯಿಸಿದರೂ ಪರವಾಗಿಲ್ಲ, ಜೊತೆಗೆ ಕಾಯುತ್ತೇನೆ ಎಂದು ಬರೆದೆ.